ಪದಚರ್ಚೆ: ‘ಬದಲಾಗುತ್ತಿದೆ’ಯೋ, ‘ಬದಲಾಗಲಿದೆ’ಯೋ?

ಎಲ್ಲರಿಗೂ ನಮಸ್ಕಾರ.

ಡಾಟ್‌ನೆಟ್‌ನಲ್ಲಿ (ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ವೇದಿಕೆ) ಎಕ್ಸ್‌ಎಂಎಲ್ ಕಡತಗಳನ್ನು (ಮಾಹಿತಿಯನ್ನು ಟ್ಯಾಗ್‌ಗಳ ನಡುವೆ ಜೋಡಿಸಿಡುವ ಕಡತಗಳು) ತಿದ್ದುವ ಬಗ್ಗೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ಕೆಲವು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು.

ಅಲ್ಲಿನ ಎಕ್ಸ್‌ಎಂಎಲ್‌ಡಾಕ್ಯುಮೆಂಟ್ ಕ್ಲಾಸಿನಲ್ಲಿ (ಇಡೀ ಕಡತವನ್ನು ಕೋಡಿಗೆ ಒದಗಿಸುವ ಭಾಗ) ಬದಲಾವಣೆಗೆಂದೇ ಆರು ಇವೆಂಟ್‌ಗಳಿವೆ, ಅಂದರೆ ಏನೋ ಆಗುವ ಮುಂಚೆ ಅಥವಾ ಆದಮೇಲೆ ಕೋಡಿಗೆ ಬರುವ ಸೂಚನೆಗಳು. ನೋಡ್ (ಕಡತದೊಳಗಿನ ಒಂದೊಂದು ಅಂಶ) ಸೇರುವುದಕ್ಕೆ ಎರಡು, ಬದಲಾಗುವುದಕ್ಕೆ ಎರಡು, ತೆಗೆಯುವುದಕ್ಕೆ ಎರಡು. (ಇವೆಂಟ್‌ಗೆ ‘ಘಟನೆ’ ಅಂದರೆ ನನಗೆ ಪೇಪರಿನ ಅಪಘಾತದ ಸುದ್ದಿ ನೆನಪಾಗುತ್ತದೆ. ಅದನ್ನು ಹಾಗೇ ಬಿಟ್ಟಿದ್ದೇನೆ.)

ಬದಲಾಗುವ ಜೋಡಿಯಲ್ಲಿ ಮುಂಚೆ ಬರುವುದು ನೋಡ್‌ಚೇಂಜಿಂಗ್, ಆಮೇಲೆ ಬರುವುದು ನೋಡ್‌ಚೇಂಜ್ಡ್. ನೋಡ್‌ಚೇಂಜಿಂಗ್ ಎಂಬುದನ್ನು ಮೊದಲು ‘ಬದಲಾಗುತ್ತಿದೆ’ ಎಂದು ಬರೆದೆ. ಓದಿದ ಗೆಳತಿ ಕೇಳಿದಳು: “ಅಂದ್ರೆ ಆಗ ಅರ್ಧ ಬದಲಾಗಿರುತ್ತಾ?” ಇಲ್ಲ, ಆಗ ಏನೂ ಬದಲಾಗಿರುವುದಿಲ್ಲ. ಪುಸ್ತಕದ ಬೆಲೆ 120 ಇದ್ದದ್ದನ್ನು ಕೋಡ್ ಮೈನಸ್ 5 ಮಾಡಲು ಹೊರಟರೆ, ಈ ಹಂತದಲ್ಲೇ ಎಕ್ಸೆಪ್ಶನ್ (ತಪ್ಪಾಗಿದೆ ಎಂಬ ಸೂಚನೆ) ಎಸೆದು ತಡೆಯಬಹುದು. 120 ಹಾಗೇ ಉಳಿಯುತ್ತದೆ. ನೋಡ್‌ಚೇಂಜ್ಡ್ ಬರುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ.

ಮಾತಿನಲ್ಲಿ “ಬಸ್ ಹೊರಡ್ತಾ ಇದೆ, ಬೇಗ ಬಾ” ಅಂತೀವಿ. ಬಸ್ ಇನ್ನೂ ನಿಂತೇ ಇರುತ್ತದೆ, ಅಲ್ವಾ? ಆದರೂ ಪಾಠದಲ್ಲಿ ಅನುಮಾನಕ್ಕೆ ಜಾಗ ಇರಬಾರದು. ಮದುವೆ ಕಾಗದದಲ್ಲಿ ‘ನಡೆಯಲಿದೆ’ ಎಂದು ಬರೆದರೆ ಯಾರಿಗೂ ಗೊಂದಲವಾಗುವುದಿಲ್ಲ. ಹಾಗಾಗಿ ‘ಬದಲಾಗಲಿದೆ’, ‘ಬದಲಾಯಿತು’ ಎಂಬ ಜೋಡಿಗೆ ಬಂದೆ. ‘ಬದಲಾಗಲಿರುವ ಇವೆಂಟ್’ ಅನ್ನಲು ಮಾತ್ರ ಆಗದು. ಇವೆಂಟೇ ಬದಲಾಗುತ್ತದೆ ಎಂಬ ಅರ್ಥ ಬಂದುಬಿಡುತ್ತದೆ. “‘ಬದಲಾಗಲಿದೆ’ ಇವೆಂಟ್” ಎಂದು ಕ್ರಿಯಾಪದವನ್ನೇ ಹೆಸರಾಗಿ ಇಡಬೇಕು.

‘ಸೇರಲಿದೆ, ಸೇರಿತು’ ಸಲೀಸಾಗಿ ಬಂತು. ತೊಡಕು ಇರುವುದು ತೆಗೆಯುವುದರಲ್ಲಿ. ‘ನೋಡ್ ತೆಗೆಯಲಿದೆ’ ಅಂದರೆ ನೋಡೇ ಏನನ್ನೋ ತೆಗೆಯುತ್ತದೆ ಎಂದಾಗುತ್ತದೆ. ‘ತೆಗೆಯಲಾಗಲಿದೆ’ ಬಾಯಿಗೆ ಹಿಡಿಸುವುದಿಲ್ಲ. ಎಕ್ಸ್‌ಎಂಎಲ್ ಮರದ ಆಕಾರದ್ದು ಎಂದು ‘ಉದುರಲಿದೆ, ಉದುರಿತು’ ಯೋಚಿಸಿದೆ. ಆದರೆ ಉದುರಿದ ಎಲೆ ಮತ್ತೆ ಕೊಂಬೆಗೆ ಹತ್ತುವುದಿಲ್ಲ. ಇಲ್ಲಿ ತೆಗೆದ ನೋಡನ್ನು ಅದೇ ಡಾಕ್ಯುಮೆಂಟಿನಲ್ಲಿ ಬೇರೆ ಕಡೆ ಜೋಡಿಸಬಹುದು. ಅದಕ್ಕೇ ‘ಕಳಚಲಿದೆ, ಕಳಚಿತು’ ನನಗೆ ಹೆಚ್ಚು ಹಿಡಿಸಿದೆ. ಕಳಚಿದ ಕೊಂಡಿಯನ್ನು ಮತ್ತೆ ಸಿಕ್ಕಿಸಬಹುದಲ್ಲ.

ಒಂದೇ ಅಳುಕು. ‘ಕೊಂಡಿ ಕಳಚಿತು’ ಅಂದಾಗ ಅದು ತಾನಾಗಿಯೇ ಬಿಚ್ಚಿಕೊಂಡಿತು ಎಂಬ ಅರ್ಥವೂ ಇದೆ. ಇಲ್ಲಿ ತೆಗೆಯುವುದು ಕೋಡ್. ನಿಮ್ಮ ಕಡೆ ‘ಕಳಚು’ ಹೇಗೆ ಬಳಕೆಯಲ್ಲಿದೆ? ಇದಕ್ಕಿಂತ ಹೊಂದುವ ಪದ ಇದ್ದರೆ ದಯವಿಟ್ಟು ತಿಳಿಸಿ.