ಮಕ್ಕಳ ಸುನ್ನತಿ: ಡಾಕ್ಟ್ರನ್ನು ಕೇಳಿ

ಹಾವೇರಿ ತಾಯಿ: ಸರ್, ಮಗನಿಗೆ 3 ವರ್ಷ. ಮುಂದೊಗಲು ಹಿಂದೆ ಸರಿಯಲ್ಲ. ಕತ್ತರಿಸಲೇಬೇಕಾ?

ಡಾಕ್ಟ್ರು (ಮಕ್ಕಳ ಸರ್ಜನ್): ಬೇಡ. ಈ ವಯಸ್ಸಿಗೆ ಅಂಟಿಕೊಂಡಿರುವುದು ಸಹಜ. ಮುಂದೆ ಬಿಗಿಯಾಗಿ ತೊಂದರೆ ಕೊಟ್ಟರೂ ಮೊದಲು ಬೀಟಾಮೆಥಸೋನ್ 0.05% ಮುಲಾಮು, ದಿನಕ್ಕೆರಡು ಸಲ, 4ರಿಂದ 6 ವಾರ, ವೈದ್ಯರು ನೋಡಿದ ಮೇಲೆ. ತುದಿ ಬೆಳ್ಳಗೆ ಗಟ್ಟಿಯಾಗಿ ಕಲೆಗಟ್ಟಿದ್ದರೆ ಬೇರೆ ಮಾತು, ತೋರಿಸಿ.

ಬಳ್ಳಾರಿ ಸದಸ್ಯ: ಸ್ನಾನಕ್ಕೆ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿ ಹಿಂದಕ್ಕೆ ಎಳೀರಿ, 21 ದಿನದಲ್ಲಿ ಸರಿಹೋಗುತ್ತೆ. ಫಾರ್ವರ್ಡ್ ಬಂದಿದೆ.

ಡಾಕ್ಟ್ರು: ಎಳೆಯಬೇಡಿ. ಸೀಳುತ್ತದೆ, ಮಾಯುವಾಗ ಕಲೆ ಬಿಗಿಯುತ್ತದೆ, ಇಲ್ಲದ ರೋಗ ಆಗ ಹುಟ್ಟುತ್ತದೆ. ಹಿಂದೆ ಹೋದ ತೊಗಲು ಸಿಕ್ಕಿಕೊಂಡು ತುದಿ ಊದಿದರೆ ತಕ್ಷಣ ಆಸ್ಪತ್ರೆಗೆ. ಇಂಥವನ್ನು ಇಲ್ಲಿ ಹಾಕಬೇಡಿ.

ಹುಬ್ಬಳ್ಳಿ ತಂದೆ: ಪಾಪುಗೆ 4 ತಿಂಗಳು. ಉಚ್ಚೆ ತೂತು ತುದಿಯಲ್ಲಿಲ್ಲ, ಕೆಳಗಡೆ ಇದೆ. ತೊಗಲು ಮೇಲ್ಗಡೆ ಮಾತ್ರ. ಹುಟ್ಟುತ್ತಲೇ ಅರ್ಧ ಸುನ್ನತಿ ಆಗಿದೆ ಅಂತಾರೆ ಮನೇಲಿ. ಶುಕ್ರವಾರ ಉಳಿದದ್ದು ತೆಗೆಸ್ತೀವಿ. ಇವನ ಸೋದರಮಾವನಿಗೆ ಹಲ್ಲು ಕೀಳಿಸಿದಾಗ ಎರಡು ದಿನ ರಕ್ತ ನಿಂತಿರಲಿಲ್ಲ. ತೊಂದ್ರೆ ಇದೆಯಾ?

ಡಾಕ್ಟ್ರು: ದಯವಿಟ್ಟು ಶುಕ್ರವಾರದ್ದು ನಿಲ್ಲಿಸಿ. ನೀವು ಹೇಳುವುದು ಹೈಪೋಸ್ಪೇಡಿಯಾಸ್ ಇದ್ದ ಹಾಗಿದೆ. ಮೂತ್ರನಾಳ ತುದಿವರೆಗೆ ಕೊಳವೆಯಾಗದೆ ಕೆಳಗೇ ತೆರೆದುಕೊಂಡಿರುತ್ತದೆ. ಅದನ್ನು ಕಟ್ಟಲು ನಮಗೆ ಬೇಕಾಗುವುದು ಆ ಮೇಲಿನ ತೊಗಲೇ. ಈಗ ಕತ್ತರಿಸಿ ಬಿಸಾಡಿದರೆ ಮುಂದೆ ಬಾಯೊಳಗಿನ ಪದರ ತೆಗೆದು ಹೊಲಿಯಬೇಕಾಗಬಹುದು. ರಿಪೇರಿ ಸಾಮಾನ್ಯವಾಗಿ 6ರಿಂದ 18 ತಿಂಗಳೊಳಗೆ. ಸುನ್ನತಿಯನ್ನೂ ಅದರ ಜೊತೆಗೇ ಮುಗಿಸಬಹುದು, ನಿಮ್ಮ ಧರ್ಮದ ಕೆಲಸ ತಪ್ಪುವುದಿಲ್ಲ. ಬೀಜಗಳು ಎರಡೂ ಚೀಲಕ್ಕೆ ಇಳಿದಿವೆಯಾ? ಕೈಗೆ ಸಿಗದಿದ್ದರೆ ಮೊದಲು ಹಾರ್ಮೋನ್, ಕ್ರೋಮೋಸೋಮ್ ಪರೀಕ್ಷೆ.

ರಕ್ತದ್ದು ಇನ್ನೂ ಚಿಂತೆ. ತಾಯಿ ಕಡೆಯ ಗಂಡಸಿಗೆ ಹೀಗಾಗಿದ್ದರೆ ಹೀಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ವಂಶದ ಕಾಯಿಲೆ, ಇರಬಹುದು. ಎಪಿಟಿಟಿ (ರಕ್ತ ಹೆಪ್ಪುಗಟ್ಟುವ ಸಮಯದ ಪರೀಕ್ಷೆ), ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಮತ್ತು 9 ನೋಡಿಸಿ. ಬ್ಲೀಡಿಂಗ್ ಟೈಮ್ ಸರಿ ಇದೆ ಅಂದರೆ ಸಾಲದು, ಈ ಕಾಯಿಲೆಯಲ್ಲಿ ಅದು ಸಾಮಾನ್ಯವಾಗಿ ಸರಿಯಾಗೇ ಬರುತ್ತದೆ.

ಮಂಗಳೂರು ಸದಸ್ಯೆ: ಹೆಣ್ಣು ಮಗುವಿಗೆ ಬ್ಲೇಡ್ ತಾಕಿಸಿದರೆ ಹಿಂಸೆ, ಗಂಡಿಗಾದರೆ ಸಂಪ್ರದಾಯವಾ? 2012ರಲ್ಲಿ ಜರ್ಮನಿಯ ಕಲೋನ್ ಕೋರ್ಟು 4 ವರ್ಷದ ಹುಡುಗನ ಪ್ರಕರಣದಲ್ಲಿ ಇದು ದೇಹಕ್ಕೆ ಹಾನಿ ಅಂದಿತ್ತು.

ಬೀದರ್ ಸದಸ್ಯ: ಪೂರ್ತಿ ಹೇಳಿ. ಅದೇ ಡಿಸೆಂಬರಲ್ಲಿ ಅಲ್ಲಿನ ಸಂಸತ್ತು ವೈದ್ಯಕೀಯ ನಿಯಮದಂತೆ ಮಾಡಿಸಬಹುದು ಅಂತ ಕಾನೂನು ತಂತು. ಆಫ್ರಿಕಾದ ಎಚ್‌ಐವಿ ಹೆಚ್ಚಿರುವ ದೇಶಗಳಿಗೆ ಡಬ್ಲ್ಯುಎಚ್‌ಒ 2007ರಲ್ಲಿ ಸೋಂಕು ತಡೆಗೆ ಶಿಫಾರಸು ಮಾಡಿದ್ದೂ ಇದನ್ನೇ.

ಮಂಗಳೂರು ಸದಸ್ಯೆ: ಆ ಶಿಫಾರಸಿಗೆ ಆಧಾರವಾದ ಪ್ರಯೋಗಗಳು ಒಪ್ಪಿಗೆ ಕೊಟ್ಟ ದೊಡ್ಡ ಗಂಡಸರ ಮೇಲೆ ನಡೆದವು. ಕೂಸಿಗೇನು ಅವಸರ?

ಬೀದರ್ ಸದಸ್ಯ: ನಿಮ್ಮನೇಲಿ ಕಿವಿ ಚುಚ್ಚಿಸುವಾಗ ಕೂಸನ್ನು ಕೇಳಿದ್ರಾ? ನಮ್ಮ ಮಕ್ಕಳ ಚಿಂತೆ ನಮಗಿದೆ.

ಬೆಂಗಳೂರು ಸದಸ್ಯ: ಬೋಹ್ರಾ ಮುಸ್ಲಿಮರಲ್ಲಿ ಹುಡುಗಿಯರಿಗೆ ಮಾಡುವ ಸುನ್ನತಿ, ಖಫ್ಜ್, 7 ವರ್ಷದ ಹೊತ್ತಿಗೆ ಚಿಟಿಕೆ ಚರ್ಮ ಅಷ್ಟೇ. ಡಾಕ್ಟ್ರೇ ಮಾಡಿದರೆ ತಪ್ಪೇನು?

ಡಾಕ್ಟ್ರು: ತಪ್ಪು. ಹುಡುಗಿಗೆ ಅದರಿಂದ ಯಾವ ಲಾಭವೂ ಇಲ್ಲ. ಭಗಾಂಕುರದ ಮೇಲಿನ ಮಡಿಕೆ ಆ ವಯಸ್ಸಲ್ಲಿ ತೀರ ತೆಳು, ಕೆಳಗೇ ನರಗಳ ಗೊಂಚಲು. ಮಗು ಒದ್ದಾಡುವಾಗ ಬ್ಲೇಡ್ ಎಲ್ಲಿ ನಿಲ್ಲುತ್ತದೆ? ಬರೀ ಸೂಜಿ ಚುಚ್ಚಿದರೂ ಡಬ್ಲ್ಯುಎಚ್‌ಒ ಅದನ್ನು ಜನನಾಂಗ ಛೇದನದ ನಾಲ್ಕನೇ ಬಗೆಯಾಗಿ ಎಣಿಸುತ್ತದೆ, ವೈದ್ಯರು ಕೈಹಾಕಬಾರದು ಎನ್ನುತ್ತದೆ. ನಮ್ಮ ದೇಶದಲ್ಲಿ ಪ್ರತ್ಯೇಕ ಕಾನೂನಿಲ್ಲ; 2018ರಲ್ಲಿ ಸುಪ್ರೀಂ ಕೋರ್ಟ್ ವಿಷಯವನ್ನು ಸಂವಿಧಾನ ಪೀಠಕ್ಕೆ ಒಪ್ಪಿಸಿತು. ಗಂಡು ಮಗುವಿನದು ಇದಕ್ಕೆ ಸಮವಲ್ಲ. ಆದರೂ ಮಂಗಳೂರಿನವರು ಕೇಳಿದ್ದು ಸರಿ: ರೋಗವಿಲ್ಲದಿದ್ದರೆ ಅವನು ದೊಡ್ಡವನಾಗಿ ತಾನೇ ಹೇಳುವವರೆಗೆ ಕಾಯಬಹುದು.

ಬೀದರ್ ಸದಸ್ಯ: ಔಷಧಿ ಹೇಳಿ ಸಾಕು, ಉಪದೇಶ ಬೇಡ.

ತುಮಕೂರು ತಾಯಿ: ಸರ್, 5 ವರ್ಷ, ಹಿಂದೆ ಸರಿಯಲ್ಲ...

ಡಾಕ್ಟ್ರು: ಮೇಲೆ ಓದಿ.

ಕಲಬುರಗಿ ಸದಸ್ಯ: ಸ್ಟೇಪ್ಲರ್ ಒಳ್ಳೇದಾ, ಹೊಲಿಗೆನಾ? ಖರ್ಚೆಷ್ಟು?

ಬಳ್ಳಾರಿ ಸದಸ್ಯ: ಸುನ್ನತಿ ಗಾಯಕ್ಕೆ ಒಲೆ ಬೂದಿ ಹಾಕಿದರೆ ಬೇಗ ಒಣಗುತ್ತೆ.

ಡಾಕ್ಟ್ರು: ಬೂದಿಯಿಂದ ಧನುರ್ವಾಯು ಆಗಬಹುದು. ಇನ್ನೊಮ್ಮೆ ಇಂಥ ಮೆಸೇಜ್ ಹಾಕಿದರೆ ನಿಮ್ಮನ್ನು ಗ್ರೂಪಿನಿಂದ ತೆಗೆಯಲು ಅಡ್ಮಿನ್‌ಗೆ ಹೇಳುತ್ತೇನೆ. ಹುಬ್ಬಳ್ಳಿಯವರೇ, ಶುಕ್ರವಾರದ್ದು ರದ್ದು ಮಾಡಿದ್ರಾ? ಉತ್ತರ ಕೊಡಿ.