ಸಹಾಯ ಬೇಕು: ಸುಮಿ-ಎ ಗೊತ್ತಿರುವವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಜಪಾನಿನ ಮಸಿ-ಕುಂಚದ ಚಿತ್ರಕಲೆ ಸುಮಿ-ಎ ಮನೆಯಲ್ಲೇ ಕಲಿಯುತ್ತಿದ್ದೇನೆ. ಅಲ್ಲಿನ ಸನ್ಯಾಸಿ-ಚಿತ್ರಕಾರ ಸೆಸ್ಶು ಎಪ್ಪತ್ತು ದಾಟಿದ ಮೇಲೆ, 1495ರಲ್ಲಿ, ಮಸಿ ಚೆಲ್ಲಿದಂತೆ ಬರೆದ ಬೆಟ್ಟದ ಚಿತ್ರ ನೋಡಿ ಹಿಡಿದ ಹುಚ್ಚು ಇದು. ಈಗ ಬಿದಿರು ಬರೆಯುವ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ.

ಕುಂಚವನ್ನು ಮೊದಲು ನೀರಿನಲ್ಲಿ, ಆಮೇಲೆ ತಿಳಿಮಸಿಯಲ್ಲಿ ಅದ್ದಿ, ತುದಿಗೆ ಮಾತ್ರ ಕಡುಮಸಿ ತಾಗಿಸಿ ಓರೆಯಾಗಿ ಎಳೆಯಬೇಕು. ಆಗ ಒಂದೇ ಗೆರೆಯಲ್ಲಿ ಕಪ್ಪಿನಿಂದ ಬೂದುಬಣ್ಣದವರೆಗೆ ಛಾಯೆ ಬರುತ್ತದೆ, ಕಾಂಡ ದುಂಡಗೆ ಕಾಣುತ್ತದೆ. ನನಗೆ ಮೊದಲ ಗೆಣ್ಣಿನವರೆಗೆ ಚೆನ್ನಾಗಿಯೇ ಬರುತ್ತದೆ. ಎರಡನೆಯದಕ್ಕೆ ಹೋಗುವಷ್ಟರಲ್ಲಿ ಎಲ್ಲ ಕಲಸಿ ಒಂದೇ ಬೂದು! ಗೆಣ್ಣಿನಲ್ಲಿ ಕುಂಚ ಒಂಚೂರು ನಿಲ್ಲಿಸಿದರೆ ಕಾಗದ ಮಸಿ ಕುಡಿದು ಹರಡಿಬಿಡುತ್ತದೆ. ಕುಂಚದಲ್ಲಿ ನೀರು ಜಾಸ್ತಿಯಾಯಿತಾ, ಇಲ್ಲ ಕೈ ನಿಧಾನವಾಯಿತಾ?

ಬಳಸುತ್ತಿರುವುದು ಮಸಿ ಬೇಗ ಹೀರುವ ಗಸೆನ್‌ಶಿ ಕಾಗದ. ಪಟಿಕ, ಅಂಟು ಬಳಿದ ಕಾಗದ ಅಷ್ಟು ಹೀರುವುದಿಲ್ಲ. ಕಲಿಯುವಾಗ ಅದು ಒಳ್ಳೆಯದಾ? ಅಥವಾ ಸುಮ್ನೆ ಕೆಟ್ಟ ಅಭ್ಯಾಸವಾಗುತ್ತದಾ?

ಇನ್ನೊಂದು ಮನೆಯ ಸಮಸ್ಯೆ. ನೀರಿನಲ್ಲಿ ತೇಯ್ದು ಬಳಸುವ ಮಸಿಕಡ್ಡಿ ಮಾಡುವುದು ಹೊಗೆಮಸಿ ಮತ್ತು ಪ್ರಾಣಿಗಳ ಚರ್ಮದಿಂದ ತೆಗೆದ ಅಂಟಿನಿಂದ. ಅಮ್ಮನಿಗೆ ಗೊತ್ತಾದ ಮೇಲೆ ನನ್ನ ಸರಂಜಾಮೆಲ್ಲ ಬಾಲ್ಕನಿಗೆ ಹೋಗಿದೆ. ಸಿಂಥೆಟಿಕ್ ಅಂಟಿನ ಬಾಟಲಿ ಮಸಿಯೂ ಇದೆ. ಅದರಲ್ಲಿ ತಿಳಿ ಛಾಯೆಗಳು ಕಡ್ಡಿ ತೇಯ್ದಷ್ಟು ಚೆನ್ನಾಗಿ ಬರುತ್ತವಾ? ಎರಡನ್ನೂ ಬಳಸಿದವರು ಹೇಳಿ.

ಕೈ ಹೇಗೆ ಓಡಬೇಕು ಎಂದು ತೋರಿಸುವ ಸಣ್ಣ ವಿಡಿಯೋ ಹಾಕಿದರಂತೂ ದೊಡ್ಡ ಉಪಕಾರ. ನನ್ನ ಹಾಳೆಗಳ ಫೋಟೋ ಕೆಳಗಿದೆ, ಬೈಯುವುದಿದ್ದರೆ ಧಾರಾಳವಾಗಿ ಬೈಯಿರಿ.