ಏಳು ತಿಂಗಳ ಮಗಳ ತೂಕ ನಿಧಾನ, ಅಂಬೆಗಾಲೂ ಇಲ್ಲ

ತಿಪಟೂರಿನ ಅಮ್ಮ:
ಮಗಳಿಗೆ ಮೊನ್ನೆ ಏಳು ತಿಂಗಳು ತುಂಬಿತು. ಹುಟ್ಟಿದಾಗ 2.8 ಕೆ.ಜಿ. ಇದ್ದಳು, ಈಗ 6.7. ಮೊದಲು ತಿಂಗಳಿಗೆ ಮುಕ್ಕಾಲು ಕೆ.ಜಿ. ಏರುತ್ತಿದ್ದವಳು ಕಳೆದ ತಿಂಗಳು ಏರಿದ್ದು ಬರೀ 250 ಗ್ರಾಂ. ಬೋರಲು ಬೀಳುತ್ತಾಳೆ, ಮುಂದೆ ಕೈ ಊರಿಕೊಂಡು ಸ್ವಲ್ಪ ಹೊತ್ತು ಕೂರುತ್ತಾಳೆ, ಅಷ್ಟೇ. ಪಕ್ಕದ ಮನೆ ಮಗು ಇವಳಿಗಿಂತ ಚಿಕ್ಕದು, ಆಗಲೇ ಅಂಬೆಗಾಲಲ್ಲಿ ಮನೆಯೆಲ್ಲ ಸುತ್ತುತ್ತದೆ. ಅತ್ತೆ ವಾಕರ್ ತರಿಸೋಣ ಅಂತಾರೆ. ಎದೆಹಾಲಿನ ಜೊತೆ ದಿನಕ್ಕೊಂದು ಸಲ ರಾಗಿ ಸರಿ ಕೊಡುತ್ತೇನೆ, ನಾಲ್ಕು ಚಮಚಕ್ಕೆ ಮುಖ ತಿರುಗಿಸುತ್ತಾಳೆ. ರಾತ್ರಿಯೆಲ್ಲ ಇದೇ ಯೋಚನೆ.

ಅಂಗನವಾಡಿ ಟೀಚರ್, ಅರಸೀಕೆರೆ:
ಅಮ್ಮಾ, ತಾಯಿ ಕಾರ್ಡ್ ತೆಗೆದು ತೂಕದ ಗೆರೆ ನೋಡಿ. ಮಗು ಹಸಿರು ಪಟ್ಟಿಯಲ್ಲೇ ಇದೆ. ಏಳು ತಿಂಗಳ ಹೆಣ್ಣುಮಗು 6 ಕೆ.ಜಿ.ಗಿಂತ ಕೆಳಗಿದ್ದರೆ ಮಾತ್ರ ನಾವು ಕಡಿಮೆ ತೂಕ ಅಂತ ಬರೆಯುತ್ತೇವೆ. ಆರು ತಿಂಗಳಾದ ಮೇಲೆ ತಿಂಗಳಿಗೆ 300 ಗ್ರಾಂ ಆಸುಪಾಸು ಏರುವುದೇ ವಾಡಿಕೆ. ತೂಗಿಸುವಾಗ ಡೈಪರ್ ತೆಗೆಯಿರಿ, ಪ್ರತಿ ಸಲ ಒಂದೇ ತಕ್ಕಡಿ ಇರಲಿ. ಒದ್ದೆ ಡೈಪರಿಂದಲೇ ಲೆಕ್ಕ ತಪ್ಪುತ್ತದೆ.

ಅಂಬೆಗಾಲಿಗೂ ಅವಸರ ಬೇಡ. ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶದ ಮಕ್ಕಳನ್ನೂ ಸೇರಿಸಿ ನೋಡಿದ ಲೆಕ್ಕದಲ್ಲಿ ಕೆಲವು ಮಕ್ಕಳು ಐದು ತಿಂಗಳಿಗೇ ಶುರು ಮಾಡಿದರೆ, ಕೆಲವು 13 ತಿಂಗಳಿಗೆ. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲೇ ಇಡಲಿಲ್ಲ.

ನನಗೆ ಚಿಂತೆ ಇರುವುದು ಊಟದ್ದು. ಈ ವಯಸ್ಸಿಗೆ ಎದೆಹಾಲಿನ ಜೊತೆ ದಿನಕ್ಕೆ ಎರಡು ಮೂರು ಸಲ ತಿನ್ನಿಸಬೇಕು. ಸರಿ ಎಷ್ಟು ಗಟ್ಟಿ ಇದೆ? ಚಮಚ ಓರೆ ಮಾಡಿದರೆ ನೀರಿನ ಹಾಗೆ ಸುರಿಯಬಾರದು, ಮೆಲ್ಲಗೆ ಜಾರಬೇಕು. ತೆಳ್ಳಗಿದ್ದರೆ ಪುಟ್ಟ ಹೊಟ್ಟೆ ನೀರಿಗೇ ತುಂಬಿಹೋಗುತ್ತದೆ. ಇಳಿಸುವ ಮುಂಚೆ ಅರ್ಧ ಚಮಚ ತುಪ್ಪ ಹಾಕಿ. ಇನ್ನೊಂದು ಹೊತ್ತಿಗೆ ಹೆಸರುಬೇಳೆ ಜೊತೆ ಅನ್ನ ಮೆತ್ತಗೆ ಬೇಯಿಸಿ ಕಿವುಚಿ. ಸಕ್ಕರೆ, ಉಪ್ಪು ಬೇಡ. ಜೇನು ಒಂದು ವರ್ಷದ ತನಕ ನಾಲಿಗೆಗೂ ಸವರಬೇಡಿ. ಕಬ್ಬಿಣಾಂಶದ ಸಿರಪ್ ಬಗ್ಗೆ ಆಶಾ ಅಕ್ಕನನ್ನು ಕೇಳಿ. ಮುಖ ತಿರುಗಿಸಿದರೆ ಒತ್ತಾಯ ಮಾಡದೆ ಸ್ವಲ್ಪ ಹೊತ್ತು ಬಿಟ್ಟು ಕೊಡಿ.

ಟೊರೊಂಟೊ ಕನ್ನಡಿಗ:
ವಾಕರ್ ದಯವಿಟ್ಟು ಬೇಡ. ಕೆನಡಾದಲ್ಲಿ 2004ರಿಂದ ಅದನ್ನು ಮಾರುವುದೇ ನಿಷೇಧ. ಮಕ್ಕಳು ವಾಕರ್ ಸಮೇತ ಮೆಟ್ಟಿಲಿಂದ ಉರುಳಿ ತಲೆಗೆ ಪೆಟ್ಟು ಮಾಡಿಕೊಳ್ಳುತ್ತಿದ್ದವು. ಬೇಗ ನಡೆಯುವುದಕ್ಕೂ ಅದರಿಂದ ಉಪಯೋಗ ಇಲ್ಲ. ನನ್ನ ಮಗನಿಗೆ ನೆಲದ ಮೇಲೆ ಚಾಪೆ ಹಾಸಿ, ಕೈಗೆ ಸ್ವಲ್ಪದರಲ್ಲಿ ಸಿಗದ ಹಾಗೆ ಸ್ಟೀಲ್ ಲೋಟ ಇಡುತ್ತಿದ್ದೆವು. ಅದಕ್ಕಾಗಿಯೇ ತೆವಳಲು ಶುರು ಮಾಡಿದ.

ಅಂಗನವಾಡಿ ಟೀಚರ್, ಅರಸೀಕೆರೆ:
ಇನ್ನೊಂದು ಮಾತು. ಕತ್ತು ನಿಲ್ಲದಿದ್ದರೆ, ಸದ್ದಿಗೆ ತಿರುಗದಿದ್ದರೆ, ಒಂದೇ ಕೈ ಬಳಸಿ ಇನ್ನೊಂದನ್ನು ಬಿಗಿ ಹಿಡಿದಿದ್ದರೆ, ಮುಂದಿನ ತಿಂಗಳು ತೂಕ ಏರದೇ ಇದ್ದರೆ ಕಾಯಬೇಡಿ, ಮಕ್ಕಳ ಡಾಕ್ಟರ್ ಹತ್ತಿರ ಹೋಗಿ.

ತಿಪಟೂರಿನ ಅಮ್ಮ:
ಅತ್ತೆ ಬಳೆ ಸದ್ದಾದರೆ ಸಾಕು, ಹಾಲು ಬಿಟ್ಟು ತಿರುಗುತ್ತಾಳೆ. ಎರಡೂ ಕೈ ಚಾಚುತ್ತಾಳೆ. ನಿಮ್ಮ ಉತ್ತರ ಅತ್ತೆಗೂ ಓದಿ ಹೇಳಿದೆ, ವಾಕರ್ ಮಾತು ಬಿಟ್ಟರು. ಮೊಟ್ಟೆ ಈಗಲೇ ಕೊಡಬಹುದಾ ಅಕ್ಕ?

ಅಂಗನವಾಡಿ ಟೀಚರ್, ಅರಸೀಕೆರೆ:
ಕೊಡಬಹುದು. ಪೂರ್ತಿ ಬೆಂದಿರಬೇಕು. ಹಳದಿ, ಬಿಳಿ ಎರಡೂ ನುಣ್ಣಗೆ ಕಿವುಚಿ, ಮೊದಲ ದಿನ ಅರ್ಧ ಚಮಚ ಸಾಕು. ಬೆಳಗ್ಗೆ ಹೊತ್ತೇ ಕೊಡಿ. ದದ್ದು, ವಾಂತಿ ಏನಾದರೂ ಕಂಡರೆ ಡಾಕ್ಟರ್ ಸಿಗುವ ಸಮಯ ಅಲ್ವಾ.